ಒಂದು ಕಡ್ಡಿ ಸಿಗ್ನಲ್ಲಿಗೂ ತೆರೆಯುವ ವೆಬ್‌ಸೈಟ್

ಜುಲೈ ತಿಂಗಳ ಸಂಜೆ ಆರೂವರೆ. ಸೋಮೇಶ್ವರದಿಂದ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಿ ಆಗುಂಬೆಗೆ ಬಂದ ಕಾರಿನಲ್ಲಿ ನಾಲ್ಕು ಜನ. ಹೊರಗೆ ಜಡಿಮಳೆ, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಅವರಿಗೆ ಬೇಕಿರುವುದು ಎರಡೇ ಸಂಗತಿ: ರಾತ್ರಿ ಉಳಿಯಬೇಕಾದ ಹೋಂಸ್ಟೇಯ ಫೋನ್ ನಂಬರು ಮತ್ತು ಮುಖ್ಯರಸ್ತೆಯಿಂದ ಎಲ್ಲಿ ತಿರುಗಬೇಕು ಎನ್ನುವುದು. ಹೋಂಸ್ಟೇಯ ವೆಬ್‌ಸೈಟ್ ಒತ್ತಿದರೆ ಬಿಳಿ ಪರದೆ, ನಡುವೆ ಸುತ್ತುತ್ತಲೇ ಇರುವ ಚಕ್ರ. ಇಂಥ ವೆಬ್‌ಸೈಟನ್ನು ಮಾಡಿಸಿದವರು ಅದನ್ನು ನೋಡಿ ಒಪ್ಪಿಕೊಂಡದ್ದು ಬಹುಶಃ ಶಿವಮೊಗ್ಗದ ಯಾವುದೋ ಆಫೀಸಿನಲ್ಲಿ, ಒಳ್ಳೆಯ ವೈಫೈ ಇರುವ ಕಂಪ್ಯೂಟರಿನಲ್ಲಿ. ಮಲೆನಾಡಿಗೆ ಮಾಡುವ ವೆಬ್‌ಸೈಟನ್ನು ಒಪ್ಪಿಕೊಳ್ಳುವ ಮೊದಲು ಈ ಕಾರಿನೊಳಗೆ ಕೂತು ನೋಡಬೇಕು.

ಚಕ್ರ ಯಾಕೆ ಸುತ್ತುತ್ತದೆ ಎನ್ನುವುದು ಸರಳ ಲೆಕ್ಕ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದ ಒಂದು ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ತೂಕ ಸುಮಾರು 4 ಎಂಬಿ. ಒಂದು ಬೈಟಿಗೆ 8 ಬಿಟ್. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಆ ಒಂದೇ ಫೋಟೋ ಇಳಿಯಲು 32 ಸೆಕೆಂಡು ಬೇಕು. ಅಂಗಳ, ತೋಟ, ಹಳ್ಳ, ನೀರ್ದೋಸೆ ಎಂದು ಹತ್ತು ಫೋಟೋ ಹಾಕಿದರೆ ಐದು ನಿಮಿಷ ದಾಟಿತು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ.

ಫೋನಿನ ಪರದೆಗೆ 1200 ಪಿಕ್ಸೆಲ್ ಅಗಲದ ಚಿತ್ರ ಧಾರಾಳ ಸಾಕು. ಅದನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ, ಗುಣಮಟ್ಟ 75ರ ಆಸುಪಾಸಿಗಿಟ್ಟು ಉಳಿಸಿದರೆ ಸಾಮಾನ್ಯವಾಗಿ 100ರಿಂದ 150 ಕೆಬಿಗೆ ಇಳಿಯುತ್ತದೆ. ದಟ್ಟ ಹಸಿರೆಲೆಗಳ ಚಿತ್ರ ಸ್ವಲ್ಪ ಹೆಚ್ಚೇ ತೂಗುತ್ತದೆ. ಸಣ್ಣ ಸಣ್ಣ ವಿವರ ತುಂಬಿದಷ್ಟೂ ಚಿತ್ರ ಕುಗ್ಗುವುದು ಕಷ್ಟ. ಸ್ಕ್ವೂಶ್ ಎಂಬ ಉಚಿತ ಸಾಧನ ಈ ಕೆಲಸವನ್ನು ಬ್ರೌಸರಿನಲ್ಲೇ ಮಾಡಿಕೊಡುತ್ತದೆ. ಈಗ ಹತ್ತು ಫೋಟೋ ಸೇರಿದರೂ ಹೆಚ್ಚುಕಡಿಮೆ ಒಂದೂವರೆ ಎಂಬಿ. ಪುಟದ ಕೆಳಗಿರುವ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಓದುಗರು ಅಲ್ಲಿಗೆ ಬಂದಾಗ ಮಾತ್ರ ಅವು ಇಳಿಯುತ್ತವೆ. ಎಲ್ಲಕ್ಕಿಂತ ಮೇಲಿನ ಚಿತ್ರಕ್ಕೆ ಮಾತ್ರ ಹಾಕಬೇಡಿ, ಹಾಕಿದರೆ ಅದೇ ತಡವಾಗಿ ಕಾಣಿಸುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರಗಳನ್ನೂ ಕೋಡಿನಲ್ಲಿ ಬರೆದಿಡಿ. ಇಲ್ಲದಿದ್ದರೆ ಚಿತ್ರ ಬಂದು ಕೂತಾಗ ಅಕ್ಷರಗಳೆಲ್ಲ ಕೆಳಗೆ ಜಿಗಿದು, ಫೋನ್ ನಂಬರ್ ಒತ್ತಲು ಹೋದ ಬೆರಳು ಬೇರೆಲ್ಲೋ ಬೀಳುತ್ತದೆ.

ಫೋನ್ ನಂಬರು ಪುಟದ ನೆತ್ತಿಯಲ್ಲಿ ಅಕ್ಷರರೂಪದಲ್ಲೇ ಇರಲಿ, ಒತ್ತಿದರೆ ಕರೆ ಹೋಗುವಂತಿರಲಿ. ವಾಟ್ಸ್‌ಆ್ಯಪ್‌ಗೆ ಮಾಡಿಸಿದ ಪೋಸ್ಟರನ್ನೇ ವೆಬ್‌ಸೈಟಿಗೂ ಏರಿಸುವ ರೂಢಿ ನಮ್ಮಲ್ಲಿ ಬಹಳ. ಆ ಪೋಸ್ಟರ್ ಇಳಿಯದಿದ್ದರೆ ಅದರೊಳಗಿನ ನಂಬರೂ ಇಲ್ಲ. ಇಳಿದರೂ ಗೂಗಲ್ ಹುಡುಕಾಟಕ್ಕೆ ಅದು ಬರೀ ಚಿತ್ರ. ಪುಟದೊಳಗೆ ಕೂರಿಸುವ ಗೂಗಲ್ ಮ್ಯಾಪ್ ಕೂಡ ಭಾರವೇ. ಅದರ ಬದಲು ಮ್ಯಾಪಿಗೊಂದು ಲಿಂಕ್ ಕೊಟ್ಟು, ಪಕ್ಕದಲ್ಲಿ ದಾರಿಯನ್ನು ಬಾಯಲ್ಲಿ ಹೇಳುವಂತೆಯೇ ಬರೆಯಿರಿ: ತೀರ್ಥಹಳ್ಳಿ ಕಡೆಯಿಂದ ಬಂದರೆ ಶಾಲೆ ದಾಟಿದ ಮೇಲೆ ಎಡಕ್ಕೆ ಮಣ್ಣುರಸ್ತೆ, ಎರಡನೇ ಸಂಕ ದಾಟಿದರೆ ಗೇಟು. ಈ ಎರಡು ಸಾಲಿನ ತೂಕ ಅರ್ಧ ಕೆಬಿಯೂ ಇಲ್ಲ.

ಅಕ್ಷರದ ವಿಷಯದಲ್ಲಿ ಜಿಪುಣತನ ಬೇಕಾಗಿಲ್ಲ. ವೆಬ್‌ಪುಟಗಳಲ್ಲಿ ಅಕ್ಷರ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. ‘ಮಲೆನಾಡು’ ಎಂದು ಬರೆದರೆ ನಾಲ್ಕು ಅಕ್ಷರ, ಮೂರು ಚಿಹ್ನೆ, ಒಟ್ಟು 21 ಬೈಟ್. ಸಾವಿರ ಪದದ ಬರಹ ಸುಮಾರು 25 ಕೆಬಿ ಆಗಬಹುದು. ವೆಬ್‌ಸೈಟ್ ಇಟ್ಟಿರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರಿನಲ್ಲಿ, ಪುಟವನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಅಥವಾ ಬ್ರಾಟ್ಲಿ ಸಂಕೋಚನ ಚಾಲೂ ಇದ್ದರೆ ಇನ್ನೂ ಕಡಿಮೆ. ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಮಿಡಿ ಯಾವ ಮರದ್ದು, ಉಪ್ಪಿನಲ್ಲಿ ಎಷ್ಟು ದಿನ ಇಟ್ಟಿದ್ದು ಎನ್ನುವುದನ್ನೆಲ್ಲ ಮನಸಾರೆ ಬರೆಯಿರಿ. ಆದರೆ ಎಲ್ಲ ಫೋನೂ ಓದಬಲ್ಲ ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ತಂದು ಅಂಟಿಸಿದರೆ ಓದುಗರ ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುವುದರಿಂದ ಪ್ರತ್ಯೇಕ ಫಾಂಟ್ ಇಳಿಸುವ ಹೊರೆಯೂ ಬೇಡ. ಸಾಲುಗಳ ನಡುವಿನ ಅಂತರವನ್ನು 1.6ಕ್ಕಿಂತ ಕಡಿಮೆ ಇಡಬೇಡಿ, ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಸರ್ವರ್ ಎಲ್ಲಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 13 ಸಾವಿರ ಕಿಲೋಮೀಟರ್ ಆಚೆ ಅಮೆರಿಕದಲ್ಲಿ ಸರ್ವರ್ ಇದ್ದರೆ ಹೋಗಿಬರಲು ಬರೀ ದೂರಕ್ಕೇ 130 ಮಿಲಿಸೆಕೆಂಡ್. ನಿಜದಲ್ಲಿ 200 ದಾಟುತ್ತದೆ. ಮೊದಲು ಸಂಪರ್ಕ ಕುದುರಬೇಕು, ಆಮೇಲೆ ಗೂಢಲಿಪಿಯ ಒಪ್ಪಂದ ಆಗಬೇಕು, ಆಮೇಲೆ ಪುಟ ಕೇಳಬೇಕು. ಅಂದರೆ ಮೊದಲ ಅಕ್ಷರ ಕಾಣುವ ಮುಂಚೆ ಸಾಮಾನ್ಯವಾಗಿ ಮೂರು ಸಲ ಓಡಾಟ. ಹೋಸ್ಟಿಂಗ್, ಅಂದರೆ ಸರ್ವರಿನಲ್ಲಿ ಬಾಡಿಗೆ ಜಾಗ, ಕೊಳ್ಳುವಾಗ ಸರ್ವರುಗಳಿರುವ ಡೇಟಾ ಸೆಂಟರ್ ಮುಂಬೈಯಲ್ಲಿ ಇರಲಿ ಎಂದು ಆರಿಸಿಕೊಂಡರೆ ಈ ಸಮಯ ಬಹಳಷ್ಟು ಉಳಿಯುತ್ತದೆ.

ವೆಬ್‌ಸೈಟ್ ಕಟ್ಟಿ ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಬೇಕೇ ಬೇಕೇ? ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ, ಕಲಿಯುವುದೂ ಸುಲಭ. ಆದರೆ ವರ್ಷಕ್ಕೆ ಎರಡು ಸಲ ಬಾಡಿಗೆ ದರ ಬದಲಾಗುವ ಹೋಂಸ್ಟೇಗೆ, ದಿನಾ ಬದಲಾಗದ ನಾಲ್ಕು ಪುಟದ ಸಹಕಾರ ಸಂಘಕ್ಕೆ ಡೇಟಾಬೇಸ್ ಇಲ್ಲದ ಸ್ಥಿರ ಪುಟಗಳೇ ಸಾಕು, ಮತ್ತು ಅವೇ ಒಳ್ಳೆಯವು. ಅವುಗಳಲ್ಲಿ ಮುರಿಯಬೇಕಾದ ಲಾಗಿನ್ ಬಾಗಿಲೇ ಇರುವುದಿಲ್ಲ. ದಿನಾ ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ಧಾರಣೆ ಹಾಕುವವರಿಗೆ, ಹಲವರು ಸೇರಿ ಬರೆಯುವವರಿಗೆ ಮಾತ್ರ ವರ್ಡ್‌ಪ್ರೆಸ್ ಸರಿ.

ಇನ್ನು ಬೀಗದ ಕೈ. ಹೆಚ್ಚಿನ ಮನೆಗಳಲ್ಲಿ ವೆಬ್‌ಸೈಟಿನ ವಿಳಾಸವಾದ ಡೊಮೇನ್ ಹೆಸರನ್ನು ಕೊಂಡವನು ಬೆಂಗಳೂರಿನಲ್ಲಿರುವ ಅಣ್ಣನ ಮಗ, ಅಥವಾ ವೆಬ್‌ಸೈಟ್ ಮಾಡಿಕೊಟ್ಟವನು. ಕೊಂಡದ್ದು ಅವನ ಇಮೇಲಿನಲ್ಲಿ, ಅವನ ಕಾರ್ಡಿನಲ್ಲಿ. ಅವನು ಕೆಲಸ ಬದಲಿಸಿದ ವರ್ಷ ನವೀಕರಣದ ಸೂಚನೆ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗುತ್ತದೆ. ಡಾಟ್ ಕಾಂ ಹೆಸರಿನ ಅವಧಿ ಮುಗಿದ ಮೇಲೆ ಸಾಮಾನ್ಯ ದರದಲ್ಲಿ ನವೀಕರಿಸಲು ಹೆಚ್ಚೆಂದರೆ 45 ದಿನ ಸಿಗಬಹುದು, ಮಾರಾಟಗಾರರನ್ನು ನೋಡಿಕೊಂಡು ಅದೂ ಕಡಿಮೆಯಾಗಬಹುದು. ನಂತರದ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ. ಆಮೇಲೆ 5 ದಿನ ಯಾರೂ ಮುಟ್ಟುವಂತಿಲ್ಲ. ಅದೂ ಕಳೆದರೆ ಹೆಸರು ಜಗತ್ತಿನ ಯಾರಿಗಾದರೂ ಸಿಗುತ್ತದೆ. ಹತ್ತು ವರ್ಷ ಓಡಿದ ಹೆಸರಿಗೆ ಹುಡುಕಾಟದಲ್ಲಿ ಬೆಲೆ ಇರುವುದರಿಂದ ಜೂಜಿನ ಜಾಹೀರಾತಿನವರು ಅಂಥದ್ದಕ್ಕೇ ಕಾದಿರುತ್ತಾರೆ.

ಆದ್ದರಿಂದ ಡೊಮೇನ್ ಖಾತೆ ಮನೆಯ ಯಜಮಾನರ ಅಥವಾ ಸಂಘದ ಹೆಸರಿನಲ್ಲೇ ಇರಲಿ. ಮಾಡಿಕೊಟ್ಟವರಿಗೆ ಬೇಕಾದಷ್ಟೇ ಅಧಿಕಾರ ಕೊಡಿ. ಐದು ವರ್ಷಕ್ಕೆ ಒಟ್ಟಿಗೇ ಕಟ್ಟಬಹುದು, ಹತ್ತು ವರ್ಷದವರೆಗೂ ಬಿಡುತ್ತಾರೆ. ಬಹಳ ಜನ ತಪ್ಪುವ ಜಾಗ ಇನ್ನೊಂದಿದೆ: ಆ ಖಾತೆಗೆ ಕೊಟ್ಟ ಇಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು. ಹೆಸರು ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಅಲ್ಲಿಗೇ ಮುಚ್ಚಿತು.

ಬ್ರೌಸರಿನಲ್ಲಿ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಾರದಂತೆ ಮಾಡುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಪುಕ್ಕಟೆ ಕೊಡುತ್ತಿದೆ. ಅದರ ಸಾಮಾನ್ಯ ಆಯುಸ್ಸು 90 ದಿನ. ದುಡ್ಡು ಕೊಟ್ಟು ಕೊಳ್ಳುವ ಪತ್ರಗಳ ಗರಿಷ್ಠ ಆಯುಸ್ಸೂ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ ಎಂದು ನಿಗದಿಯಾಗಿದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು, ತಾನಾಗಿ ನವೀಕರಣವಾಗುವ ವ್ಯವಸ್ಥೆ ಹೋಸ್ಟಿಂಗಿನಲ್ಲಿ ಇದೆಯೇ ಎಂದು ಕೇಳಿಯೇ ಕೊಳ್ಳಿ. ಹೋಸ್ಟಿಂಗ್ ಬದಲಿಸಿ, ಹೆಸರನ್ನು ಸರ್ವರಿಗೆ ಜೋಡಿಸುವ ಡಿಎನ್‌ಎಸ್ ದಾಖಲೆಯನ್ನು ಬದಲಿಸಲು ಮರೆತರೆ ಈ ನವೀಕರಣ ಸದ್ದಿಲ್ಲದೆ ನಿಂತುಹೋಗುತ್ತದೆ.

ಪಾಸ್‌ವರ್ಡಿನ ಜೊತೆಗೆ ಎರಡನೇ ಬೀಗವೂ ಬೇಕು. ಆದರೆ ಹೊಸನಗರದಾಚೆಯ ಹಳ್ಳಿಯಲ್ಲಿ ಕರೆಂಟು ಹೋಗಿ ಟವರ್ ಮಲಗಿದ ದಿನ ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ನಂಬಿ ಕೂರಲಾಗದು. ಅಥೆಂಟಿಕೇಟರ್ ಆ್ಯಪ್ ಇಲ್ಲಿ ನಿಜಕ್ಕೂ ಹೇಳಿ ಮಾಡಿಸಿದ್ದು, ಏಕೆಂದರೆ ಅದಕ್ಕೆ ಸಿಗ್ನಲ್ಲೇ ಬೇಡ. ಮೊದಲ ದಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಸರ್ವರ್ ಮತ್ತು ಫೋನ್ ಒಂದು ಗುಟ್ಟಿನ ಸಂಖ್ಯೆಯನ್ನು ಹಂಚಿಕೊಂಡಿರುತ್ತವೆ. ಅದಕ್ಕೆ ಆ ಹೊತ್ತಿನ ಗಡಿಯಾರವನ್ನು ಸೇರಿಸಿ ಎರಡೂ ಕಡೆ ಒಂದೇ ಗಣಿತ ಮಾಡಿದರೆ ಒಂದೇ ಆರಂಕಿ ಬರುತ್ತದೆ, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಬ್ರಾಡ್‌ಬ್ಯಾಂಡ್ ಕೆಲಸ ಮಾಡುತ್ತಿದ್ದು ಮೊಬೈಲ್ ಸಿಗ್ನಲ್ ಇಲ್ಲದಾಗಲೂ ಲಾಗಿನ್ ಆಗಬಹುದು. ಕೋಡ್ ತಪ್ಪು ಎಂದು ಬಂದರೆ ಮೊದಲು ಫೋನಿನ ಗಡಿಯಾರ ಸರಿಯಿದೆಯೇ ನೋಡಿ, ಕೆಲವು ನಿಮಿಷದ ವ್ಯತ್ಯಾಸವಾದರೂ ಲೆಕ್ಕ ತಪ್ಪುತ್ತದೆ.

‘ನಮ್ಮ ಪುಟ್ಟ ಸೈಟಿನಲ್ಲಿ ಕದಿಯಲು ಏನಿದೆ’ ಎನ್ನುವವರಿದ್ದಾರೆ. ಕಳ್ಳನಿಗೆ ಬೇಕಿರುವುದು ನಿಮ್ಮ ಗುಟ್ಟಲ್ಲ, ನಿಮ್ಮ ಜಾಗ. ತೂತಿರುವ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಎಲ್ಲೆಲ್ಲಿದೆ ಎಂದು ತಾವಾಗಿ ಓಡುವ ಬಾಟ್‌ಗಳು ಹಗಲೂರಾತ್ರಿ ಬಾಗಿಲು ಬಡಿಯುತ್ತಿರುತ್ತವೆ, ಅವುಗಳಿಗೆ ಊರು ಹೆಸರು ಯಾವುದೂ ಬೇಕಿಲ್ಲ. ವರ್ಡ್‌ಪ್ರೆಸ್‌ನಲ್ಲಿ ತೂತು ಹೆಚ್ಚು ಕಾಣಿಸಿಕೊಳ್ಳುವುದು ಪ್ಲಗಿನ್‌ಗಳಲ್ಲೇ. ಬಳಸದ ಪ್ಲಗಿನ್ನನ್ನು ಆಫ್ ಮಾಡಿಟ್ಟರೆ ಸಾಲದು, ಅಳಿಸಿ. ಆಫ್ ಮಾಡಿದರೂ ಅದರ ಕಡತ ಸರ್ವರಿನಲ್ಲೇ ಬಿದ್ದಿರುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಥೀಮನ್ನು (ಸೈಟಿನ ವಿನ್ಯಾಸವನ್ನು) ಪುಕ್ಕಟೆ ಕೊಡುವವರಿಂದ ತರಲೇಬೇಡಿ, ಅದರೊಳಗೆ ಹಿಂಬಾಗಿಲು ಇಟ್ಟೇ ಕೊಡುವುದು ಅವರ ಕಸುಬು. ಅಪ್‌ಡೇಟ್ ಎನ್ನುವುದು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಂತೆ: ಕೊಳೆರೋಗ ಬಂದ ಮೇಲೆ ಹೊಡೆದರೆ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ. ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ ಅನುಮತಿ ಸಂಖ್ಯೆ ಸರ್ವರಿನಲ್ಲಿ ಕಡತಗಳಿಗೆ 644, ಫೋಲ್ಡರುಗಳಿಗೆ 755 ಇರಲಿ. ಕೆಲಸ ಆಗಲಿಲ್ಲ ಎಂದು ಎಲ್ಲರಿಗೂ ತಿದ್ದಲು ಬಿಡುವ 777 ಕೊಟ್ಟುಬಿಡುವುದು ಮನೆ ಬಾಗಿಲು ತೆಗೆದಿಟ್ಟು ಪೇಟೆಗೆ ಹೋದಂತೆ.

ಒಳನುಗ್ಗಿದವನು ಗುರುತು ಸಿಗದಂತೆ ಇರುತ್ತಾನೆ. ನೀವು ವಿಳಾಸ ಟೈಪ್ ಮಾಡಿ ತೆರೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿ ಬಂದವರನ್ನು ಮಾತ್ರ ಜೂಜಿನ ಪುಟಕ್ಕೆ ಕಳಿಸುತ್ತಾನೆ. ತಿಂಗಳಿಗೊಮ್ಮೆ ಗೂಗಲ್‌ನಲ್ಲಿ ಇಂಗ್ಲಿಷ್‌ನ ‘ಸೈಟ್’ ಪದ, ಅದಕ್ಕೆ ಅಂಟಿದಂತೆ ಎರಡು ಚುಕ್ಕಿಯ ಕೋಲನ್, ಅದಕ್ಕೆ ಅಂಟಿದಂತೆ ನಿಮ್ಮ ವಿಳಾಸ ಕೊಟ್ಟು ಹುಡುಕಿ. ನೀವು ಬರೆಯದ ಜಪಾನಿ ಶೀರ್ಷಿಕೆ, ಔಷಧಿ ಜಾಹೀರಾತು ಕಂಡರೆ ಸೈಟ್ ಕೈತಪ್ಪಿದೆ. ಫೋಟೋಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನೂ ತೆರೆದು ನೋಡಿ. ಅಲ್ಲಿ ಚಿತ್ರಗಳ ನಡುವೆ ಡಾಟ್ ಪಿಎಚ್‌ಪಿ ಎಂದು ಕೊನೆಯಾಗುವ ಕಡತ ಇದ್ದರೆ ಬಹುಮಟ್ಟಿಗೆ ಅದೇ ಹಿಂಬಾಗಿಲು. ಅದೊಂದನ್ನು ಅಳಿಸಿ ಸುಮ್ಮನಾಗಬೇಡಿ, ಇನ್ನೆರಡು ಬೇರೆಲ್ಲೋ ಇರುತ್ತವೆ. ಎಲ್ಲವನ್ನೂ ತೆಗೆದು, ಹೊಸ ವರ್ಡ್‌ಪ್ರೆಸ್ ಹಾಕಿ, ದಾಳಿಗೆ ಮುಂಚಿನ ಬ್ಯಾಕಪ್ ಕೂರಿಸಿ, ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡಿ, ಹೋಸ್ಟಿಂಗ್, ಡೇಟಾಬೇಸ್, ಲಾಗಿನ್ ಮೂರರ ಪಾಸ್‌ವರ್ಡನ್ನೂ ಬದಲಿಸಬೇಕು.

ಮುಂಗಡಕ್ಕೆ ಯುಪಿಐ ಕ್ಯೂಆರ್ ಹಾಕಿದ್ದರೆ ವಾರಕ್ಕೊಮ್ಮೆ ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ಹೆಸರು ಯಾರದ್ದು ಬರುತ್ತದೆ ನೋಡಿ. ಚಿತ್ರ ಬದಲಿಸಿದರೆ ಸೈಟಿನಲ್ಲಿ ಬೇರೇನೂ ವ್ಯತ್ಯಾಸ ಕಾಣುವುದಿಲ್ಲ. ಕ್ಯೂಆರ್ ಪಕ್ಕದಲ್ಲೇ ‘ಹಣ ಕಟ್ಟುವ ಮುಂಚೆ ಈ ಹೆಸರು ಕಾಣಬೇಕು’ ಎಂದು ಬರೆದಿಡಿ. ದುಡ್ಡು ಹೋಗಿದ್ದೇ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬ್ಯಾಕಪ್ಪಿನ ಹಳೆಯ ಸೂತ್ರ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮಲೆನಾಡಿನಲ್ಲಿ ಈ ಕೊನೆಯದಕ್ಕೆ ಹೆಚ್ಚಿನ ಅರ್ಥವಿದೆ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ರೂಟರ್ ಸುಡುವ ಮನೆಯಲ್ಲಿ, ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಹೋಗಬಹುದು. ಕೆಲಸ ಮುಗಿದ ಮೇಲೆ ವೈರ್ ಕಿತ್ತಿಡಿ, ಇನ್ನೊಂದು ಪ್ರತಿ ಕ್ಲೌಡಿನಲ್ಲಿರಲಿ. ಸರ್ವರಿಗೆ ಕಡತ ಏರಿಸುವಾಗ ನಡುವೆ ಕರೆಂಟು ಹೋದರೆ ಅರ್ಧ ಹೊಸದು ಅರ್ಧ ಹಳೆಯದಾಗಿ ಸೈಟೇ ಬೀಳುತ್ತದೆ. ಎಲ್ಲವನ್ನೂ ಒಂದೇ ಜಿಪ್ ಮಾಡಿ ಏರಿಸಿ, ಪೂರ್ತಿ ಹತ್ತಿದ ಮೇಲೆ ಸರ್ವರಿನಲ್ಲೇ ಬಿಚ್ಚಿದರೆ ಆ ತೊಂದರೆ ಇಲ್ಲ. ಪಾಸ್‌ವರ್ಡನ್ನು ಬಟಾಬಯಲಾಗಿ ಕಳಿಸುವ ಹಳೆಯ ಎಫ್‌ಟಿಪಿ ಬಿಟ್ಟು ಎಸ್‌ಎಫ್‌ಟಿಪಿ ಬಳಸಿ.

ಬ್ಯಾಕಪ್ ಇದೆ ಎನ್ನುವುದಕ್ಕಿಂತ ಅದು ತೆರೆಯುತ್ತದೆಯೇ ಎನ್ನುವುದು ಮುಖ್ಯ. ಬಹಳ ಬ್ಯಾಕಪ್ಪುಗಳಲ್ಲಿ ಕಡತಗಳಿರುತ್ತವೆ, ಡೇಟಾಬೇಸೇ ಇರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಬರೆದ ಅಕ್ಷರವೆಲ್ಲ ಇರುವುದು ಡೇಟಾಬೇಸಿನಲ್ಲಿ. ಮುಂಗಾರು ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ನಿಮ್ಮ ಡೊಮೇನಿನಡಿ ಒಂದು ಖಾಲಿ ಉಪವಿಳಾಸದಲ್ಲಿ (ಸಬ್‌ಡೊಮೇನ್) ಅದನ್ನು ಕೂರಿಸಿ ನೋಡಿ. ಎಷ್ಟು ಹೊತ್ತು ಹಿಡಿಯಿತು, ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡಿತು ಎಂದು ಕಾಗದದಲ್ಲಿ ಬರೆದಿಡಿ. ಅದೇ ಕಾಗದದಲ್ಲಿ ಅಥೆಂಟಿಕೇಟರಿನ ರಿಕವರಿ ಕೋಡ್‌ಗಳೂ ಇರಲಿ, ಫೋನ್ ಹೊಳೆಗೆ ಬಿದ್ದ ದಿನ ಅವೇ ದಾರಿ. ಬರೆಯುವುದು ಪೆನ್ಸಿಲ್ಲಿನಲ್ಲಿ. ಇಂಕ್‌ಜೆಟ್ ಮುದ್ರಣದ ಶಾಯಿ ಆಷಾಢದ ಥಂಡಿಗೇ ಕದಡುತ್ತದೆ, ಸೀಸದ ಗೀರು ಕಾಗದ ನೆನೆದು ಒಣಗಿದರೂ ಓದಲು ಬರುತ್ತದೆ.