ಸ್ವಾಧೀನ ತಪ್ಪಿದ ಕೈಗೆ ಕೆಲಸ ಬೇಕು

ಸ್ಟ್ರೋಕ್ ಆದವರ ಕೈ ಎರಡು ಸಲ ಸೋಲುತ್ತದೆ. ಮೊದಲನೆಯದು ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ. ಎರಡನೆಯ ಸೋಲು ನಿಧಾನವಾಗಿ, ಮನೆಯಲ್ಲೇ ಆಗುತ್ತದೆ. ಬಲಗೈ ಮಾತು ಕೇಳದಿದ್ದರೆ ಮನೆಯವರು ತುತ್ತು ಕಲಸಿ ಬಾಯಿಗಿಡುತ್ತಾರೆ, ಶರ್ಟಿನ ಗುಂಡಿ ಹಾಕುತ್ತಾರೆ. ಎಡಗೈ ಆಗಿದ್ದರಂತೂ ಕೇಳುವವರೇ ಇಲ್ಲ. ಹೇಗೂ ಬಲಗೈಯಲ್ಲಿ ಎಲ್ಲ ನಡೆಯುತ್ತದೆ ಅಲ್ವಾ? ಪ್ರೀತಿಯಿಂದ ಮಾಡಿದ ಈ ಸಹಾಯದ ನಡುವೆ ಆ ಕೈ ತೊಡೆಯ ಮೇಲೆ ಸುಮ್ನೆ ಬಿದ್ದಿರುತ್ತದೆ. ಸ್ವಲ್ಪ ಶಕ್ತಿ ಮರಳಿ ಬಂದ ಮೇಲೂ ಅದನ್ನು ಬಳಸಬೇಕು ಅಂತ ಆ ವ್ಯಕ್ತಿಗೆ ತೋಚುವುದೇ ಇಲ್ಲ.

ಈ ಎರಡನೆಯ ಸೋಲನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಮುಖ್ಯರು. ಅವರು ಮಂಗಗಳ ಒಂದು ಕೈಯಿಂದ ಮೆದುಳಿಗೆ ಸ್ಪರ್ಶದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿದ್ದರು. ಕೈ ಆಡಿಸುವ ನರಗಳು ಹಾಗೇ ಇದ್ದವು. ಆದರೂ ಮಂಗ ಆ ಕೈಯನ್ನು ಬಳಸುತ್ತಿರಲಿಲ್ಲ. ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿದಾಗ ಮಾತ್ರ ಮಂಗ ನರ ಕತ್ತರಿಸಿದ ಕೈಯನ್ನು ಚಾಚಿತು! ಅಂದರೆ ಕೈಗೆ ಆಗುತ್ತಿತ್ತು, ಅದನ್ನು ಬಿಟ್ಟುಬಿಡುವ ಅಭ್ಯಾಸವಾಗಿತ್ತು ಅಷ್ಟೇ. ಆರಂಭದಲ್ಲಿ ಪ್ರತಿ ಪ್ರಯತ್ನವೂ ಸೋತಿದ್ದರಿಂದ ಮೆದುಳು ಆ ಕೈಯ ಆಸೆಯನ್ನೇ ಬಿಟ್ಟಿತ್ತು. ಟೌಬ್ ಅವರ ಲ್ಯಾಬಿನಲ್ಲಿ ಮಂಗಗಳ ಸ್ಥಿತಿ ನೋಡಲಾಗದಂತಿದೆ ಎಂದು 1981ರಲ್ಲಿ ದೊಡ್ಡ ವಿವಾದವಾಯಿತು, ಪ್ರಕರಣ ಕೋರ್ಟಿಗೂ ಹೋಯಿತು. ಈ ಜ್ಞಾನಕ್ಕೆ ಆ ಪ್ರಾಣಿಗಳು ತೆತ್ತ ಬೆಲೆಯನ್ನು ಮರೆಯಬಾರದು.

ಇದೇ ತತ್ವವನ್ನು ಮನುಷ್ಯರಿಗೆ ಅಳವಡಿಸಿದಾಗ ಹೊಸ ಚಿಕಿತ್ಸೆಯೊಂದು ಹುಟ್ಟಿತು. ಎರಡು ವಾರ, ಎಚ್ಚರವಾಗಿರುವ ಹೆಚ್ಚಿನ ಹೊತ್ತು ಚೆನ್ನಾಗಿರುವ ಕೈಗೆ ದಪ್ಪ ಗ್ಲೌಸ್ ಹಾಕಿಬಿಡುತ್ತಾರೆ. ದಿನಕ್ಕೆ ಆರು ಗಂಟೆಯವರೆಗೆ ಸೋತ ಕೈಗೆ ತರಬೇತಿ. ಲೋಟ ಎತ್ತಿಡುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು, ಕಾಳು ಹೆಕ್ಕುವುದು. ಒಂದು ಕೆಲಸ ಸಲೀಸಾದ ಕೂಡಲೇ ಅದನ್ನು ಇನ್ನೊಂಚೂರು ಕಷ್ಟ ಮಾಡುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಅಧ್ಯಯನದಲ್ಲಿ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರಿದ್ದರು. ಈ ತರಬೇತಿ ಪಡೆದವರ ಕೈ ಮಾಮೂಲಿ ಚಿಕಿತ್ಸೆ ಪಡೆದವರದ್ದಕ್ಕಿಂತ ಚೆನ್ನಾಗಿ ಸುಧಾರಿಸಿತು. ಒಂದು ವರ್ಷದ ನಂತರವೂ ಆ ಸುಧಾರಣೆ ಉಳಿದಿತ್ತು.

ಆದರೆ ಇದು ಎಲ್ಲರಿಗೂ ಅಲ್ಲ. ಮಣಿಕಟ್ಟು ಮತ್ತು ಬೆರಳುಗಳು ಸ್ವಲ್ಪವಾದರೂ ಮೇಲೇಳಬೇಕು. ಕೈ ಪೂರ್ತಿ ಜೋತುಬಿದ್ದವರಿಗೆ ಇನ್ನೊಂದು ಕೈ ಕಟ್ಟಿದರೆ ಹಿಂಸೆ ಮಾತ್ರ. ಅಂಥವರಿಗೆ ಕನ್ನಡಿಯ ವ್ಯಾಯಾಮ ಇದೆ. ಎದುರಿಗೆ ಎರಡು ಕೈಗಳ ನಡುವೆ ಒಂದು ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಇಡಬೇಕು. ಚೆನ್ನಾಗಿರುವ ಕೈಯನ್ನು ಆಡಿಸುತ್ತಾ ಕನ್ನಡಿಯಲ್ಲಿ ನೋಡಿದರೆ ಸೋತ ಕೈಯೇ ಆಡಿದಂತೆ ಕಾಣುತ್ತದೆ. ಕತ್ತರಿಸಿ ತೆಗೆದ ಕೈಯಲ್ಲೂ ನೋವು ಅನುಭವಿಸುವವರಿಗಾಗಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಬಳಸಿದ ಉಪಾಯ ಇದು. ಸ್ಟ್ರೋಕ್ ಆದವರಿಗೂ ಇದರಿಂದ ಅಷ್ಟಿಷ್ಟು ಲಾಭವಿದೆ. ಖರ್ಚಂತೂ ಒಂದು ಕನ್ನಡಿಯದ್ದು ಮಾತ್ರ.

ಯಾವ ವಿಧಾನವೇ ಇರಲಿ, ನನಗೆ ಮುಖ್ಯವಾಗಿ ಕಾಣುವುದು ಎಷ್ಟು ಸಲ ಮಾಡಿದರು ಎಂಬ ಲೆಕ್ಕ. ಪ್ರಾಣಿಗಳ ಪ್ರಯೋಗಗಳಲ್ಲಿ ಮೆದುಳು ತನ್ನ ಜೋಡಣೆ ಬದಲಿಸಿಕೊಂಡದ್ದು ಒಂದೇ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡಿದಾಗ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿದಾಗ ಏನು ಸಿಕ್ಕಿತು ಗೊತ್ತೇ? ಕೈಗೆ ವ್ಯಾಯಾಮ ಮಾಡಿಸಿದ ಒಂದು ಸೆಷನ್‌ನಲ್ಲಿ ಕೆಲಸಕ್ಕೆ ಬರುವಂಥ ಚಲನೆ ಸರಾಸರಿ 32 ಸಲ. ಅಷ್ಟೇ! ಇದು 2009ರಲ್ಲಿ ಪ್ರಕಟವಾದ ಅಂಕಿ. ಅನುಕೂಲಗಳಿರುವ ದೇಶಗಳಲ್ಲೇ ಹೀಗಾದರೆ, ವಾರಕ್ಕೆರಡು ದಿನ ಅರ್ಧ ಗಂಟೆ ಫಿಸಿಯೋಥೆರಪಿ ಸಿಗುವುದೇ ಕಷ್ಟವಾದ ಊರುಗಳ ಗತಿ ಏನು?

ನಮ್ಮಲ್ಲಿ ಎಣ್ಣೆ ಹಚ್ಚಿ ತಿಕ್ಕಿಸುವುದು ಜಾಸ್ತಿ. ಹಿತವಾಗಿರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಕೆಲಸ ಮಾಡುವುದು ತಿಕ್ಕುವವರ ಕೈ. ರಬ್ಬರ್ ಚೆಂಡು ಹಿಸುಕಿದರೂ ಬೇಕಾದ ಕೆಲಸ ಆಗುವುದಿಲ್ಲ. ಹೆಚ್ಚಿನವರಿಗೆ ಕಷ್ಟವಾಗುವುದು ಮುಷ್ಟಿ ಕಟ್ಟುವುದಲ್ಲ, ಬಿಚ್ಚುವುದು. ಆದ್ದರಿಂದ ಹಿಡಿದದ್ದನ್ನು ಬಿಡುವ ಕೆಲಸ ಬೇಕು. ಮೇಜಿನ ಮೇಲೆ ಬಟ್ಟೆ ಇಟ್ಟು ಅಂಗೈ ಬಿಡಿಸಿ ಮುಂದಕ್ಕೆ ಒರೆಸಲಿ. ಚೊಂಬನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಟ್ಟು ಕೈ ಬಿಡಲಿ. ಆಗದಿದ್ದಾಗ ಇನ್ನೊಂದು ಕೈ ಸ್ವಲ್ಪ ಆಸರೆ ಕೊಡಲಿ. ಒಂದು ಎಚ್ಚರಿಕೆ: ಹಾಸಿಗೆಯಿಂದ ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಲೇಬೇಡಿ. ಸ್ನಾಯುಗಳ ಬಿಗಿ ಇಲ್ಲದ ಭುಜದ ಕೀಲು ಬೇಗ ಜಾರುತ್ತದೆ. ಒಮ್ಮೆ ಭುಜ ನೋಯಲು ಶುರುವಾದರೆ ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವುದೂ ತಪ್ಪು. ಮನೆಯವರಿಗೇ ಕಲಿಸಿ ಕಳಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1250 ಜನರ ಮೇಲೆ ಅಟೆಂಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. 2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಆರು ತಿಂಗಳ ನಂತರ ಸಾವಿನಲ್ಲಾಗಲಿ, ಇನ್ನೊಬ್ಬರನ್ನು ಅವಲಂಬಿಸುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಇದರಿಂದ ಅರ್ಥವಾಗುವುದಿಷ್ಟು: ಮನೆಯವರಿಗೆ ಹೇಳಿಕೊಟ್ಟು ವ್ಯವಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ತರಬೇತಾದ ಫಿಸಿಯೋಥೆರಪಿಸ್ಟ್‌ಗಳು ತಾಲ್ಲೂಕು ಮಟ್ಟದಲ್ಲೂ ಬೇಕು.

"ಆರು ತಿಂಗಳು ಕಳೆದರೆ ಮುಗೀತು" ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಮೊದಲ ತಿಂಗಳುಗಳಲ್ಲಿ ಚೇತರಿಕೆಯ ವೇಗ ಹೆಚ್ಚು, ನಿಜ. ಆದರೆ ಲಂಡನ್ನಿನ ಕ್ವೀನ್ ಸ್ಕ್ವೇರ್ ಕೇಂದ್ರದಲ್ಲಿ ಮೂರು ವಾರಗಳಲ್ಲಿ 90 ಗಂಟೆ ಕೈಯ ತರಬೇತಿ ಕೊಡುತ್ತಾರೆ. 2019ರಲ್ಲಿ ಅಲ್ಲಿಯ 224 ಜನರ ವರದಿ ಬಂತು. ಅವರಲ್ಲಿ ಅರ್ಧದಷ್ಟು ಜನರಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ ದಾಟಿತ್ತು. ಆದರೂ ಕೈ ಸುಧಾರಿಸಿತು, ಆರು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಿಂದೊಮ್ಮೆ "ಇನ್ನು ಇಷ್ಟೇ" ಎಂದು ಹೇಳಿ ಕಳಿಸಿದ್ದರೆ, ಇನ್ನೊಮ್ಮೆ ಕರೆದುಕೊಂಡು ಹೋಗಿ ಬೆರಳು ಎಷ್ಟು ಬಿಚ್ಚುತ್ತದೆ ಎಂದು ಪರೀಕ್ಷೆ ಮಾಡಿಸಿ.