ಅಣುಸ್ಥಾವರದಲ್ಲಿ ಕೆಲಸಕ್ಕೆ ಅಣುವಿಜ್ಞಾನವೇ ಓದಿರಬೇಕಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷ. ಅಣುಸ್ಥಾವರ ನಡೆಸುವ ಕೆಲಸಕ್ಕೇ ಸೇರಬೇಕು ಅಂತ ಹಟ ಹಿಡಿದಿದ್ದಾನೆ. ಅದಕ್ಕೆ ಅಣುವಿಜ್ಞಾನ ಓದಿರಬೇಕಲ್ವಾ? ಸುಮ್ನೆ ಆಸೆ ಇಟ್ಟುಕೊಂಡು ವರ್ಷ ಕಳೆದುಬಿಡುತ್ತಾನೇನೋ ಅಂತ ಭಯ.

ಉತ್ತರ: ಬೇಕಿಲ್ಲ ತಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಅರ್ಜಿಯನ್ನೇ ಹಾಕದ ಹುಡುಗರನ್ನು ನಾನು ನೋಡಿದ್ದೇನೆ. ಸ್ಥಾವರದಲ್ಲಿ ರಿಯಾಕ್ಟರ್, ಅಂದರೆ ಅಣು ಒಡೆದು ಶಾಖ ಹುಟ್ಟಿಸುವ ಜಾಗ, ಒಂದು ಭಾಗ, ಅಷ್ಟೇ. ಉಳಿದದ್ದೆಲ್ಲ ಪಂಪು, ವಾಲ್ವು, ಟರ್ಬೈನು, ಜನರೇಟರು, ಮೈಲುಗಟ್ಟಲೆ ಕೇಬಲ್ಲು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದವರಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ. ಕೆಲಸಕ್ಕೆ ಸೇರಿಸಿಕೊಂಡ ಮೇಲೆ ರಿಯಾಕ್ಟರ್ ಪಾಠವನ್ನು ಅವರೇ ಸ್ಟೈಪೆಂಡ್ ಕೊಟ್ಟು ಕಲಿಸುತ್ತಾರೆ.

ನಮ್ಮಲ್ಲಿ ಅಣುವಿದ್ಯುತ್ ಸ್ಥಾವರಗಳನ್ನು ಮುಖ್ಯವಾಗಿ ನಡೆಸುತ್ತಿರುವುದು ಎನ್‌ಪಿಸಿಐಎಲ್, ಅಂದರೆ ನ್ಯೂಕ್ಲಿಯರ್ ಪವರ್ ಕಾರ್ಪೊರೇಷನ್. 1987ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಕೇಂದ್ರ ಕಚೇರಿ ಮುಂಬೈನ ಅಣುಶಕ್ತಿನಗರದಲ್ಲಿದೆ. ಮುಂಬೈಯವರು ಇದನ್ನು ಟ್ರಾಂಬೆಯ ಬಿಎಆರ್‌ಸಿ ಜೊತೆ ಬೆರೆಸಿಬಿಡುತ್ತಾರೆ. ಬಿಎಆರ್‌ಸಿ ಬೇರೆ, ಅಲ್ಲಿ ಮುಖ್ಯವಾಗಿ ಸಂಶೋಧನೆ. ನಿಮ್ಮ ಮಗ ಕಣ್ಣಿಡಬೇಕಾದದ್ದು ಎನ್‌ಪಿಸಿಐಎಲ್ ಪ್ರಕಟಣೆಗಳ ಮೇಲೆ. ನಿಮಗೆ ಹತ್ತಿರದ ಸ್ಥಾವರ ಬೋಯಿಸರ್ ಪಕ್ಕದ ತಾರಾಪುರ. 1969ರಿಂದ ವಿದ್ಯುತ್ ಕೊಟ್ಟ, ದೇಶದ ಮೊದಲ ಅಣುವಿದ್ಯುತ್ ಸ್ಥಾವರ ಅದು. ಊರ ಕಡೆಗೆ ಹೋದರೆ ಕಾರವಾರದ ಹತ್ತಿರ ಕಾಳಿ ನದಿ ದಂಡೆಯ ಕೈಗಾ. ಅಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅದರ ಮೊದಲ ಘಟಕ 2018ರ ಕೊನೆಯ ದಿನದವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ನಮ್ಮವರು ಹೆಮ್ಮೆಪಡಲೇಬೇಕಾದ ಸಂಗತಿ.

ಒಳಗೆ ಹೋಗಲು ಓದಿಗೆ ತಕ್ಕ ಬಾಗಿಲುಗಳಿವೆ. ಪಿಯುಸಿ ವಿಜ್ಞಾನ ಅಥವಾ ಐಟಿಐ ಆದವರಿಗೆ ಟೆಕ್ನೀಷಿಯನ್ ಟ್ರೇನಿ. ಡಿಪ್ಲೊಮಾ ಅಥವಾ ಬಿಎಸ್ಸಿ ಆದವರಿಗೆ ಸೈಂಟಿಫಿಕ್ ಅಸಿಸ್ಟೆಂಟ್ ಟ್ರೇನಿ. ನಿಮ್ಮ ಮಗನದು ಇದೇ. ಬಿಇ ಆದವರು ಗೇಟ್ ಎಂಬ ಪರೀಕ್ಷೆಯ ಅಂಕ ಮತ್ತು ಇಂಟರ್‌ವ್ಯೂ ಮೂಲಕ ಎಕ್ಸಿಕ್ಯೂಟಿವ್ ಟ್ರೇನಿ ಆಗುತ್ತಾರೆ. ಕಂಟ್ರೋಲ್ ರೂಮಿನ ಹೊಣೆಯ ಕುರ್ಚಿಗೆ ನೇರ ದಾರಿ ಬಿಇಯವರದು. ಇದನ್ನು ಮುಚ್ಚಿಡುವುದು ಸರಿಯಲ್ಲ. ಡಿಪ್ಲೊಮಾದವರು ಶುರು ಮಾಡುವುದು ಫೀಲ್ಡ್‌ನಲ್ಲಿ, ಅಂದರೆ ಯಂತ್ರಗಳ ಮಧ್ಯೆ ಓಡಾಡುವ ಕೆಲಸದಲ್ಲಿ. ಅದು ಕೀಳು ಅಂತ ಮಾತ್ರ ಅಂದುಕೊಳ್ಳಬೇಡಿ. ಪ್ಯಾನೆಲ್ ಮುಂದೆ ಕೂತವನಿಗೆ ಫೀಲ್ಡ್‌ನಲ್ಲಿರುವವನೇ ಕಣ್ಣು, ಕಿವಿ.

ಇಷ್ಟು ದಾರಿಯ ಮಾತು. ನನಗೆ ಜಾಸ್ತಿ ಹೇಳಬೇಕೆನಿಸುವುದು ಕೆಲಸದ ಸ್ವಭಾವದ ಬಗ್ಗೆ.

ಕಲ್ಲಿದ್ದಲು ಸ್ಥಾವರದಲ್ಲಿ ಇಂಧನ ನಿಲ್ಲಿಸಿದರೆ ಬೆಂಕಿ ಆರುತ್ತದೆ. ರಿಯಾಕ್ಟರ್ ಹಾಗಲ್ಲ. ಒಲೆ ಆರಿಸಿದ ಮೇಲೂ ಕೆಂಡ ಸುಡುತ್ತಿರುತ್ತದಲ್ಲ, ಹಾಗೆ. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದ ರಿಯಾಕ್ಟರ್‌ನಲ್ಲಿ 750 ಮೆಗಾವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ. ನಿಲ್ಲಿಸಿದ ಕ್ಷಣದಲ್ಲೂ ಅದರ ಶೇಕಡ 6ರಷ್ಟು, ಅಂದರೆ 40 ಮೆಗಾವ್ಯಾಟ್‌ಗೂ ಜಾಸ್ತಿ ಶಾಖ ಬರುತ್ತಲೇ ಇರುತ್ತದೆ. ಬರಬರುತ್ತಾ ಇಳಿದರೂ ತಂಪು ಮಾಡುವುದನ್ನು ನಿಲ್ಲಿಸುವಂತಿಲ್ಲ. ಇನ್ನೊಂದು ವಿಚಾರವಿದೆ. ಕೈಗಾದಂಥ ಭಾರಜಲ ರಿಯಾಕ್ಟರ್ ಟ್ರಿಪ್ ಆದರೆ, ಅಂದರೆ ತಟ್ಟನೆ ನಿಂತರೆ, ಒಳಗೆ ಜೆನಾನ್ ಅನಿಲ ಹೆಚ್ಚಿ, ಅಣು ಒಡೆಯಲು ಬೇಕಾದ ನ್ಯೂಟ್ರಾನ್ ಕಣಗಳನ್ನು ನುಂಗುತ್ತದೆ. ಬೇಗ ಶುರು ಮಾಡಲಾಗದಿದ್ದರೆ ಒಂದು ದಿನಕ್ಕೂ ಮೇಲೆ ಕಾಯಲೇಬೇಕು. ಅವಸರಕ್ಕೆ ಅಲ್ಲಿ ಜಾಗವಿಲ್ಲ.

ಹಾಗಾಗಿ ಅಲ್ಲಿ ಬೇಕಾಗುವುದು ಬರೆದಿಟ್ಟ ಕ್ರಮ ಬಿಡದ ಗುಣ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುವ ಧೈರ್ಯ. ನಾನು ಶಿಫ್ಟ್‌ನಲ್ಲಿ ದುಡಿದವನು. ಟ್ರೇನಿ ಆಗಿದ್ದಾಗ ಒಂದು ರಾತ್ರಿ ಗೇಜ್ ನೋಡದೆ, ಹಿಂದಿನ ಗಂಟೆಯ ರೀಡಿಂಗನ್ನೇ ಲಾಗ್‌ಶೀಟ್‌ನಲ್ಲಿ ಬರೆದಿದ್ದೆ. ಆ ಗೇಜಿನ ಮುಳ್ಳು ಅಲುಗಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಅದಕ್ಕೇ. ಸೀನಿಯರ್ ಕೇಳಿದರು, "ನೋಡಿ ಬರೆದದ್ದಾ, ಅಂದಾಜಾ?" ಅಂದಾಜು ಅಂತ ಒಪ್ಪಿಕೊಂಡೆ. ಬೈಯಲಿಲ್ಲ. ಮೂರು ಮಹಡಿ ಹತ್ತಿಸಿ ನೋಡಿ ಬರಲು ಹೇಳಿದರು. ರೀಡಿಂಗ್ ಅದೇ ಇತ್ತು. "ಇವತ್ತು ಅದೇ ಇತ್ತು. ನಾಳೆಗೆ ಏನು ಗ್ಯಾರಂಟಿ?" ಅಂದರು. ಆಮೇಲೆ ಒಂದು ಸಲವೂ ನೋಡದೆ ಬರೆಯಲಿಲ್ಲ.

ಕಂಟ್ರೋಲ್ ರೂಮಿನ ಮುಖ್ಯ ಹುದ್ದೆಗಳಿಗಂತೂ ಪದವಿ ಇದ್ದರೆ ಸಾಲದು. ಸಿಮ್ಯುಲೇಟರ್ ಮೇಲೆ ಅಭ್ಯಾಸ, ಲಿಖಿತ ಪರೀಕ್ಷೆ, ಸ್ಥಾವರದೊಳಗೆ ನಡೆಸಿಕೊಂಡು ಹೋಗಿ ಕೇಳುವ ಪ್ರಶ್ನೆಗಳು, ಇಂಟರ್‌ವ್ಯೂ, ಎಲ್ಲ ದಾಟಿ ಲೈಸೆನ್ಸ್ ಪಡೆಯಬೇಕು. ಅದಕ್ಕೂ ಅವಧಿ ಇದೆ, ಮತ್ತೆ ಮತ್ತೆ ಅರ್ಹತೆ ತೋರಿಸಬೇಕು. ಇದರ ಮೇಲೆ ನಿಗಾ ಇಡುವುದು 1983ರಲ್ಲಿ ಹುಟ್ಟಿದ ಎಇಆರ್‌ಬಿ ಎಂಬ ನಿಯಂತ್ರಣ ಮಂಡಳಿ. ವಯಸ್ಸಾದ ಎಂಜಿನಿಯರುಗಳೂ ಪರೀಕ್ಷೆಗೆ ಓದುತ್ತಾ ಕೂರುತ್ತಾರೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ವಿಕಿರಣದ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ವಿಕಿರಣ ಇರುವ ಜಾಗಕ್ಕೆ ಹೋಗುವವರು ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೈಗೆ ತಗುಲಿದ್ದರ ಲೆಕ್ಕ ಅದರಲ್ಲಿ ಸಿಗುತ್ತದೆ. ಅದನ್ನು ಅಳೆಯುವುದು ಮಿಲಿಸೀವರ್ಟ್‌ನಲ್ಲಿ. ನಮ್ಮ ದೇಶದ ಮಿತಿ ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷ ಸೇರಿ 100. ಲೆಕ್ಕ ಮಿತಿಯ ಹತ್ತಿರ ಬಂದವರಿಗೆ ಬೇರೆ ಕೆಲಸ ಕೊಡುತ್ತಾರೆ. ನನ್ನ ಅನುಭವದಲ್ಲಿ ಮನೆಯವರಿಗೆ ನಿಜವಾಗಿ ಕಷ್ಟವಾಗುವುದು ರಾತ್ರಿ ಪಾಳಿ. ಗಣೇಶನ ಹಬ್ಬದ ದಿನವೂ ಯಾರೋ ಒಬ್ಬರು ಪ್ಯಾನೆಲ್ ಮುಂದೆ ಇರಲೇಬೇಕು. ಅದಕ್ಕೆ ಒಪ್ಪಿಗೆಯಾ ಅಂತ ಮಗನನ್ನು ಕೇಳಿ.

ಒಪ್ಪಿಗೆ ಅಂದರೆ ಅವನ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ. ಡಿಪ್ಲೊಮಾದಲ್ಲಿ ಸಾಮಾನ್ಯವಾಗಿ ಶೇಕಡ 60 ಕೇಳುತ್ತಾರೆ. ಕಡಿಮೆ ಇದ್ದರೆ ಉಳಿದ ಸೆಮಿಸ್ಟರ್‌ನಲ್ಲಿ ಏರಿಸಿಕೊಳ್ಳಲಿ. ವಯಸ್ಸಿನ ಮಿತಿಯೂ ಇರುತ್ತದೆ. ಪ್ರಕಟಣೆ ಪ್ರತಿ ವರ್ಷ ಬಂದೇ ಬರುತ್ತದೆ ಅಂತಿಲ್ಲ, ಹಾಗಾಗಿ ಬಂದ ಮೊದಲನೆಯದಕ್ಕೇ ಅರ್ಜಿ ಹಾಕಲಿ.