ಪದ ಪರಿಚಯ: ಮಹಜರು

ಪೊಲೀಸರು ಒಂದು ಜಾಗದಲ್ಲಿ ಏನು ಕಂಡರು, ಅಲ್ಲಿಂದ ಏನನ್ನು ತೆಗೆದುಕೊಂಡರು ಎಂಬುದನ್ನು ಪೊಲೀಸರಲ್ಲದ ಕನಿಷ್ಠ ಇಬ್ಬರ ಎದುರು ಅಲ್ಲೇ ಕುಳಿತು ಬರೆದು, ಅವರಿಂದ ಸಹಿ ಹಾಕಿಸಿದ ಕಾಗದವೇ ಮಹಜರು. ಆ ಇಬ್ಬರು ಪಂಚರು. ಹಾಗಾಗಿ ಪಂಚನಾಮೆ ಅಂತಲೂ ಕರೆಯುತ್ತಾರೆ. ‘ಪೊಲೀಸರು ಸ್ಥಳ ಮಹಜರು ನಡೆಸಿದರು’ ಎಂಬ ಸಾಲು ಪತ್ರಿಕೆಯಲ್ಲಿ ಬಂದರೆ ಓದುಗರು ದಾಟಿಕೊಂಡು ಹೋಗುತ್ತಾರೆ. ಆರೋಪಿ ಯಾವ ಊರಿನವನು, ಏನು ಒಪ್ಪಿಕೊಂಡ ಅನ್ನುವುದರ ಮೇಲೆಯೇ ಎಲ್ಲರ ಕಣ್ಣು. ವರ್ಷಗಳ ನಂತರ ಬಿಡುಗಡೆಯಾದರೆ ‘ಪೊಲೀಸರು ದುಡ್ಡು ತಿಂದರು’, ಶಿಕ್ಷೆಯಾದರೆ ‘ಯಾರೋ ಬಡಪಾಯಿಯನ್ನು ಸಿಕ್ಕಿಸಿದರು’ ಎನ್ನುವ ಮಾತು ಏಳುತ್ತದೆ. ಸತ್ತವರು ಪ್ರವಾಸಿಯಾಗಿದ್ದರಂತೂ ಎರಡೂ ಒಟ್ಟಿಗೇ ಏಳುತ್ತವೆ. ಅನುಮಾನ ಪಡುವುದು ತಪ್ಪಲ್ಲ. ಆದರೆ ಅದನ್ನು ಎಲ್ಲಿ ಇಡಬೇಕು ಎಂದು ಗೊತ್ತಿರಬೇಕು, ಮತ್ತು ಬಹುಪಾಲು ಸಲ ಅದನ್ನು ಇಡಬೇಕಾದ್ದು ಮಹಜರಿನ ಮೇಲೆ.

ಒಂದು ಕೊಲೆ ಕೇಸಿನಲ್ಲಿ ಒಂದೇ ಮಹಜರು ಇರುವುದಿಲ್ಲ. ಶವದ್ದು ಬೇರೆ, ಸ್ಥಳದ್ದು ಬೇರೆ, ವಸ್ತುಗಳ ಜಪ್ತಿಯದ್ದು ಬೇರೆ, ಆರೋಪಿ ತೋರಿಸಿಕೊಟ್ಟಿದ್ದು ಬೇರೆ.

ಶವ ಮಹಜರು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ 194ನೇ ಕಲಂ ಪ್ರಕಾರ ನಡೆಯುತ್ತದೆ. ಅಕ್ಕಪಕ್ಕದ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರು ಮೈಮೇಲಿನ ಗಾಯ, ಮುರಿತ, ಬಾವು, ಗುರುತುಗಳನ್ನೆಲ್ಲ ಬರೆಯಬೇಕು. ಯಾವ ಆಯುಧದಿಂದ ಆದಂತೆ ಕಾಣುತ್ತದೆ ಎಂದೂ ಬರೆಯಬೇಕು. ಮಲೆನಾಡಿನಲ್ಲಿ ಇದು ಎಡವುವ ರೀತಿ ಒಂದೇ. ಜೋಗದ ಕೆಳಗೋ, ಲಿಂಗನಮಕ್ಕಿ ಹಿನ್ನೀರಲ್ಲೋ, ಯಾವುದೋ ಹಳ್ಳದ ಗುಂಡಿಯಲ್ಲೋ ಹೊರಗಿನವರ ಶವ ಸಿಕ್ಕಿತೆಂದರೆ ‘ಫೋಟೊ ತೆಗೆಯಲು ಹೋಗಿ ಕಾಲು ಜಾರಿದೆ’ ಎಂಬ ತೀರ್ಮಾನ ಊರವರ ಬಾಯಲ್ಲಿ ಮೊದಲೇ ಸಿದ್ಧ. ಅದೇ ಮಹಜರಿನ ಅಭಿಪ್ರಾಯದ ಸಾಲಾಗಿ ಇಳಿದುಬಿಡುತ್ತದೆ. ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಹಾಕಿ, ಮರಣೋತ್ತರ ಪರೀಕ್ಷೆ ಮುಗಿಸಿ, ಮನೆಯವರಿಗೆ ಶವ ಒಪ್ಪಿಸಿ, ಅವರ ಊರಲ್ಲಿ ದಹನವೂ ಆದಮೇಲೆ ಅನುಮಾನ ಬಂದರೆ ನೋಡಲು ಏನೂ ಉಳಿದಿರುವುದಿಲ್ಲ. 2008ರ ಫೆಬ್ರುವರಿಯಲ್ಲಿ ಗೋವಾದ ಅಂಜುನಾ ಕಡಲತೀರದಲ್ಲಿ ಬ್ರಿಟಿಷ್ ಹುಡುಗಿಯೊಬ್ಬಳ ಶವ ಸಿಕ್ಕಾಗ ಪೊಲೀಸರು ಮೊದಲು ಮುಳುಗಿ ಸತ್ತದ್ದು ಎಂದೇ ಹೇಳಿದ್ದರು. ತಾಯಿ ಪಟ್ಟು ಹಿಡಿದು ಎರಡನೇ ಶವಪರೀಕ್ಷೆ ಮಾಡಿಸಿದಾಗ ಮೈತುಂಬ ಗಾಯಗಳಿದ್ದದ್ದು ದಾಖಲಾಯಿತು. ಕೇಸು ಸಿಬಿಐಗೆ ಹೋಯಿತು. 2016ರಲ್ಲಿ ಆರೋಪಿಗಳಿಬ್ಬರೂ ಖುಲಾಸೆಯಾದರು, 2019ರಲ್ಲಿ ಹೈಕೋರ್ಟು ಒಬ್ಬನಿಗೆ ಶಿಕ್ಷೆ ವಿಧಿಸಿತು. ಶವ ಉಳಿದಿದ್ದರಿಂದ ಅಷ್ಟಾದರೂ ಆಯಿತು.

ಇನ್ನು ಸ್ಥಳ ಮಹಜರು. ಒಳ್ಳೆಯದು ಯಾವುದು, ಕಾಟಾಚಾರದ್ದು ಯಾವುದು ಎಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಶುರು ಮಾಡಿದ ಗಂಟೆ, ಮುಗಿಸಿದ ಗಂಟೆ, ಬೆಳಕು ಯಾವುದು, ಮಳೆ ಇತ್ತೇ, ಪಂಚರ ವಿಳಾಸ, ನಾಲ್ಕು ದಿಕ್ಕಿನ ಚಕ್ಕುಬಂದಿ, ಅಳತೆ ಇವೆಲ್ಲ ಇರಲೇಬೇಕು. ‘ಹೋಂಸ್ಟೇ ಹಿಂಭಾಗದ ತೋಟದಲ್ಲಿ ರಕ್ತ ಬಿದ್ದಿತ್ತು’ ಅಂತ ಬರೆದರೆ ಅದರಿಂದ ಕೋರ್ಟಿಗೆ ಏನೂ ಸಿಗುವುದಿಲ್ಲ. ‘ಅಡುಗೆಮನೆಯ ಪಶ್ಚಿಮ ಬಾಗಿಲ ಹೊಸ್ತಿಲಿನಿಂದ 18 ಅಡಿ, ಮೆಸ್ಕಾಂ ಕಂಬದಿಂದ 31 ಅಡಿ, ಅಡಕೆ ಚಪ್ಪರದ ಮೂಲೆ ಕಂಬದ ಬುಡದಲ್ಲಿ ಅಂಗೈ ಅಗಲದ, ರಕ್ತದಂತೆ ಕಾಣುವ ಕಲೆ’ ಎಂದು ಬರೆದರೆ ಎರಡು ವರ್ಷ ಬಿಟ್ಟು ಹೋದರೂ ಜಾಗ ಗುರುತು ಹಿಡಿಯಬಹುದು. ಕದಲದ ಎರಡು ಗುರುತುಗಳಿಂದ ಅಳೆಯುವುದು ಇದಕ್ಕೇ. ಬಾಳೆಗಿಡದಿಂದ ಅಳೆದವರೂ ಇದ್ದಾರೆ. ಬಾಳೆ ಮುಂದಿನ ವರ್ಷ ಅಲ್ಲಿರುವುದಿಲ್ಲ. ಆಮೇಲೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬರೆದುಕೊಡುವ ನಕ್ಷೆ ಇದರೊಂದಿಗೆ ತಾಳೆಯಾಗಬೇಕು. ಚಪ್ಪರ ಒಂದರಲ್ಲಿ ಪಶ್ಚಿಮಕ್ಕೂ ಇನ್ನೊಂದರಲ್ಲಿ ಉತ್ತರಕ್ಕೂ ಇದ್ದರೆ ಪಾಟೀಸವಾಲಿನ ಅರ್ಧ ದಿನ ಅದಕ್ಕೇ ಹೋಗುತ್ತದೆ.

‘ರಕ್ತದಂತೆ ಕಾಣುವ’ ಅನ್ನುವ ಎಚ್ಚರ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ಬೇಕು. ನೆಲವೇ ಕೆಂಪು ಜಂಬಿಟ್ಟಿಗೆ. ಗೋಡೆಯ ಬುಡದಲ್ಲಿ ಕವಳದ ಉಗುಳು. ಅಡಕೆ ಸುಲಿಯುವ, ಬೇಯಿಸುವ ಆಳಿನ ಅಂಗಿಯಲ್ಲಿ ಒಗೆದರೂ ಹೋಗದ ಚೊಗರಿನ ಕಲೆ. ಹಳತಾದರೆ ಒಣಗಿದ ರಕ್ತದ ಬಣ್ಣವೇ. ಸ್ಥಳದಲ್ಲೇ ಮಾಡುವ ಪ್ರಾಥಮಿಕ ಪರೀಕ್ಷೆಯೂ ತುಕ್ಕಿಗೆ, ಕೆಲವು ಗಿಡಗಳ ರಸಕ್ಕೆ ಮೋಸ ಹೋಗುತ್ತದೆ. ಅದೂ ಸಾಲದು ಅಂತ ರಕ್ತ ಹೀರುವ ಉಂಬಳ (ಜಿಗಣೆ) ಬೇರೆ. ಮಳೆಗಾಲದಲ್ಲಿ ಕಾಡಿನ ದಾರಿ ಹಿಡಿದು ಬಂದ ಯಾರ ಪ್ಯಾಂಟಿನ ಅಂಚು ನೋಡಿದರೂ ರಕ್ತ ಇದ್ದೇ ಇರುತ್ತದೆ, ಅದು ನಿಜವಾದ ಮನುಷ್ಯರಕ್ತವೇ, ಆದರೆ ಹಾಕಿಕೊಂಡವನದು. ಹಾಗಾಗಿ ‘ಆರೋಪಿಯ ಬಟ್ಟೆಯಲ್ಲಿ ಮಾನವ ರಕ್ತ ಪತ್ತೆ’ ಎಂಬ ಸುದ್ದಿ ಓದಿ ತೀರ್ಪು ಕೊಡುವ ಮೊದಲು ಯಾರ ರಕ್ತ ಎಂದು ಕೇಳಬೇಕು. ರಕ್ತದ ಗುಂಪು ಹೊಂದಿದರೆ ಸಾಲದು, ಡಿಎನ್‌ಎ ಹೊಂದಬೇಕು.

ತೆಗೆದುಕೊಳ್ಳುವ ಕ್ರಮದಲ್ಲೂ ತಪ್ಪುಗಳು ಗೊತ್ತಿರುವಂಥವೇ. ರಕ್ತ ಬೆರೆತ ಮಣ್ಣಿನ ಜೊತೆಗೆ ಸ್ವಲ್ಪ ದೂರದ ಸಾದಾ ಮಣ್ಣನ್ನೂ ಬೇರೆ ಡಬ್ಬಿಯಲ್ಲಿ ತೆಗೆಯಬೇಕು, ಹೋಲಿಸುವುದಕ್ಕೆ. ಒದ್ದೆ ಬಟ್ಟೆಯನ್ನು ನೆರಳಲ್ಲಿ, ಗಾಳಿಗೆ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು; ಹಸಿಯಾಗಿ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಬೂಸಲು ಹಿಡಿದು ಡಿಎನ್‌ಎ ಹಾಳಾಗುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಹುಯ್ಯುವ ಆಗುಂಬೆಯಂಥ ಕಡೆ ಜುಲೈನಲ್ಲಿ ಬಟ್ಟೆ ಒಣಗಿಸುವುದೆಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಮನೆಗಳಲ್ಲಿ ಮಾಡುವ ಹಾಗೆ ಬಚ್ಚಲ ಒಲೆಯ ಮೇಲೆ ಕಟ್ಟಿದರೆ ಮಸಿ, ಶಾಖ ಎರಡೂ ಕೆಡಿಸುತ್ತವೆ. ಪ್ರತಿ ವಸ್ತುವಿಗೆ ಬೇರೆ ಲಕೋಟೆ, ಬೇರೆ ಚೀಟಿ, ಚೀಟಿಯ ಮೇಲೆ ಪಂಚರ ಸಹಿ, ಅರಗಿನ ಮೊಹರು. ಮೊಹರಿನ ಮಾದರಿ ಮಹಜರಿನಲ್ಲೂ ಇರಬೇಕು, ಪ್ರಯೋಗಾಲಯಕ್ಕೆ ಹೋಗುವ ಪತ್ರದಲ್ಲೂ ಇರಬೇಕು. ಮಧ್ಯೆ ಆ ಲಕೋಟೆ ಠಾಣೆಯ ಯಾವ ಬೀರುವಿನಲ್ಲಿತ್ತು, ಯಾರ ವಶದಲ್ಲಿತ್ತು, ಯಾವ ದಿನ ಯಾವ ಕಾನ್‌ಸ್ಟೆಬಲ್ ಕೊಂಡೊಯ್ದ ಎನ್ನುವ ಸರಪಳಿಯ ಒಂದು ಕೊಂಡಿ ಕಳಚಿದರೂ ವರದಿ ಎಷ್ಟೇ ಚೆನ್ನಾಗಿರಲಿ, ವಕೀಲರು ಹಿಡಿಯುವುದು ಅಲ್ಲೇ.

ಹೋಂಸ್ಟೇಯ ಸಿಸಿಟಿವಿ ಇದ್ದರೆ ಅವಸರ ಇನ್ನೂ ಹೆಚ್ಚು. ದೃಶ್ಯಗಳನ್ನು ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್, ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆದುಕೊಳ್ಳುತ್ತದೆ. ಜಪ್ತಿ ಮಾಡುವಾಗ ಡಿವಿಆರ್ ತೋರಿಸುವ ಸಮಯ, ಆ ಕ್ಷಣದ ನಿಜವಾದ ಸಮಯ ಎರಡನ್ನೂ ಮಹಜರಿನಲ್ಲಿ ಬರೆಯದಿದ್ದರೆ ಮುಂದೆ ಕಷ್ಟ. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಡಿವಿಆರ್ ಗಡಿಯಾರ ನಲವತ್ತು ನಿಮಿಷ ಹಿಂದಿರುವುದು ದೊಡ್ಡ ಸಂಗತಿಯಲ್ಲ. ಬರೆಯದೆ ಬಿಟ್ಟರೆ ಆ ನಲವತ್ತು ನಿಮಿಷದಲ್ಲಿ ಆರೋಪಿ ಬೇರೆಲ್ಲೋ ಇದ್ದ ಎಂದಾಗುತ್ತದೆ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಕಲಮಿನ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತುಸಂಖ್ಯೆಯ) ಸಮೇತ, ಬೇಕೇ ಬೇಕು.

ಸಾರ್ವಜನಿಕರ ಅನುಮಾನ ಹೆಚ್ಚು ಹುಟ್ಟುವುದು ಕೊನೆಯ ಬಗೆಯ, ಅಂದರೆ ಆರೋಪಿ ತೋರಿಸಿಕೊಟ್ಟದ್ದರ ಮಹಜರಿನಲ್ಲಿ. ‘ಆರೋಪಿ ತಪ್ಪೊಪ್ಪಿಕೊಂಡ’ ಎಂಬ ಸುದ್ದಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂದು ಸಾಕ್ಷ್ಯ ಅಧಿನಿಯಮದ 23ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೊಂದು ಕಿಂಡಿ ಇದೆ, ಹಳೆಯ ಕಾಯ್ದೆಯಲ್ಲಿ 27ನೇ ಸೆಕ್ಷನ್ ಆಗಿದ್ದದ್ದು. ‘ಕತ್ತಿಯನ್ನು ಕೊಟ್ಟಿಗೆ ಹಿಂದಿನ ಗೊಬ್ಬರಗುಂಡಿಯಲ್ಲಿ ಹೂತಿದ್ದೇನೆ, ಬಂದರೆ ತೋರಿಸುತ್ತೇನೆ’ ಎಂದು ಹೇಳಿ, ಅಲ್ಲಿ ಕತ್ತಿ ಸಿಕ್ಕರೆ ಅಷ್ಟು ಮಾತು ಮಾತ್ರ ನಿಲ್ಲುತ್ತದೆ. ‘ಅದರಲ್ಲೇ ಕಡಿದೆ’ ಎಂಬ ಮುಂದಿನ ಮಾತು ನಿಲ್ಲುವುದಿಲ್ಲ. ರೂಢಿಯಲ್ಲಿ ಆಗುವುದೇನೆಂದರೆ, ಠಾಣೆಯಲ್ಲಿ ‘ಸ್ವಇಚ್ಛಾ ಹೇಳಿಕೆ’ ಮೊದಲೇ ಬರೆದಾಗಿರುತ್ತದೆ, ಪಂಚರು ಸಿಗುವುದು ಗೊಬ್ಬರಗುಂಡಿಯ ಹತ್ತಿರ. 2022ರಲ್ಲಿ ಕರ್ನಾಟಕದ್ದೇ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಪಂಚರನ್ನು ಮೊದಲು ಠಾಣೆಗೆ ಕರೆಸಬೇಕು, ಆರೋಪಿ ಅವರ ಎದುರೇ ತನ್ನ ಬಾಯಿಂದ ಹೇಳಬೇಕು, ಆ ಮಾತನ್ನು ಇದ್ದಂತೆಯೇ ಬರೆದು ಮಹಜರಿನ ಮೊದಲ ಭಾಗ ಮುಗಿಸಬೇಕು, ಆಮೇಲೆ ಎಲ್ಲರೂ ಹೊರಡಬೇಕು ಎಂದಿತು. ಹೈಕೋರ್ಟು ಕೊಟ್ಟಿದ್ದ ಶಿಕ್ಷೆ ರದ್ದಾಯಿತು.

ಕತ್ತಿಯ ವಿಷಯದಲ್ಲಿ ಇನ್ನೊಂದು ಮಾತು. ಮಲೆನಾಡಿನಲ್ಲಿ ಕತ್ತಿ ಇಲ್ಲದ ಮನೆ ಇಲ್ಲ. ಅಲಗಿನ ಉದ್ದ, ಹಿಡಿಯ ಉದ್ದ, ಹಿಡಿಗೆ ಹಾಕಿದ ಬಳೆ, ಬಾಯಿ ಮುಕ್ಕಾಗಿರುವ ಜಾಗ ಇವನ್ನು ಬರೆಯದ ಜಪ್ತಿ ಮಹಜರು ಹೇಳುವುದು ಒಬ್ಬ ರೈತನ ಮನೆಯಲ್ಲಿ ಕತ್ತಿ ಸಿಕ್ಕಿತು ಎಂದಷ್ಟೇ. ಕತ್ತಿಯನ್ನು ಶವಪರೀಕ್ಷೆ ಮಾಡಿದ ವೈದ್ಯರಿಗೆ ತೋರಿಸಿ, ಆ ಗಾಯ ಇದರಿಂದ ಆಗಬಹುದೇ ಎಂದು ಅಭಿಪ್ರಾಯ ಪಡೆಯುವುದನ್ನು ಮರೆತ ತನಿಖೆಗಳೂ ಉಂಟು.

ಥಾಯ್ಲೆಂಡಿನ ಕೋ ತಾವ್ ದ್ವೀಪದ ಪ್ರಕರಣವನ್ನು ಇದರ ಪಕ್ಕ ಇಟ್ಟು ನೋಡಬಹುದು. 2014ರ ಸೆಪ್ಟೆಂಬರ್ 15ರಂದು ಅಲ್ಲಿನ ಕಡಲತೀರದಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗರ ಶವ ಸಿಕ್ಕವು, ಆಯುಧ ಒಂದು ಗುದ್ದಲಿ. ಮ್ಯಾನ್ಮಾರಿನ ಇಬ್ಬರು ವಲಸೆ ಕಾರ್ಮಿಕರನ್ನು ಹಿಡಿದರು, ಕ್ಯಾಮೆರಾಗಳ ಮುಂದೆ ಅವರಿಂದ ‘ಕೊಲೆ ನಡೆದ ಬಗೆ’ಯನ್ನು ಆಡಿಸಿ ತೋರಿಸಿದರು. ಆಮೇಲೆ ಅವರು, ಹೊಡೆದು ಒಪ್ಪಿಸಿದರು ಎಂದು ಹೇಳಿಕೆ ಹಿಂತೆಗೆದುಕೊಂಡರು. ಪೊಲೀಸರು ಅದನ್ನು ಅಲ್ಲಗಳೆದರು. ಡಿಎನ್‌ಎ ಹೊಂದಿದೆ ಎಂದು ಪ್ರಾಸಿಕ್ಯೂಷನ್ ಹೇಳಿದರೆ, ಗುದ್ದಲಿಯ ಮೇಲಿನ ಡಿಎನ್‌ಎ ಆರೋಪಿಗಳದ್ದಲ್ಲ ಎಂದು ಅದೇ ದೇಶದ ಹೆಸರಾಂತ ವಿಧಿವಿಜ್ಞಾನಿ ಪೋರ್ನ್‌ತಿಪ್ ರೋಜನಸುನನ್ ನ್ಯಾಯಾಲಯದಲ್ಲಿ ಹೇಳಿದರು. 2015ರ ಡಿಸೆಂಬರ್ 24ರಂದು ಮರಣದಂಡನೆಯಾಯಿತು, 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, 2020ರಲ್ಲಿ ರಾಜಾಜ್ಞೆಯಿಂದ ಜೀವಾವಧಿಗೆ ಇಳಿಯಿತು. ತೀರ್ಪು ಬಂದರೂ ಅನುಮಾನ ತೀರಲಿಲ್ಲ. ನಮ್ಮಲ್ಲೂ ಆರೋಪಿಯನ್ನು ಸ್ಥಳಕ್ಕೆ ಕರೆತಂದು ಟಿವಿಯವರ ಎದುರು ನಿಲ್ಲಿಸುವುದುಂಟು. ಪೊಲೀಸರಿಗೆ ಮೊದಲೇ ಗೊತ್ತಿದ್ದ ಜಾಗವನ್ನು ಆರೋಪಿ ‘ತೋರಿಸಿಕೊಟ್ಟರೆ’ ಅದು ಪತ್ತೆಯಲ್ಲ, ಬರೀ ಪ್ರದರ್ಶನ.

ಪಂಚರು ಯಾರು ಎಂಬುದಕ್ಕೆ ಬಂದರೆ, ಮನೆ, ಕೋಣೆಗಳ ಶೋಧಕ್ಕೆ ಆ ಪ್ರದೇಶದ ಸ್ವತಂತ್ರ, ಗೌರವಸ್ಥ ನಿವಾಸಿಗಳಿರಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್ 103ನೇ ಕಲಂ. ಲಿಖಿತವಾಗಿ ಕರೆದರೂ ಸಕಾರಣವಿಲ್ಲದೆ ಬರಲ್ಲ ಅನ್ನುವುದು ಅಪರಾಧ. ನಿಜದಲ್ಲಿ ಸಿಕ್ಕವರೇ ಪಂಚರು: ಆಟೊ ಓಡಿಸುವವರು, ಹೋಟೆಲಿನವರು, ಪಂಚಾಯಿತಿಯ ವಾಟರ್‌ಮನ್. ಹೋಂಸ್ಟೇ ಕೊಲೆಯಲ್ಲಿ ಅಲ್ಲಿನ ಕೆಲಸದವರನ್ನೇ ಪಂಚರನ್ನಾಗಿ ಮಾಡಿದರೆ ಅವರು ಮಾಲೀಕನ ಅನ್ನ ತಿನ್ನುವವರು. ಜೊತೆಯ ಪ್ರವಾಸಿಗರನ್ನು ಮಾಡಿದರೆ ವಿಚಾರಣೆಯ ಹೊತ್ತಿಗೆ ಅವರು ಇನ್ಯಾವುದೋ ರಾಜ್ಯದಲ್ಲೋ ದೇಶದಲ್ಲೋ. ಒಬ್ಬನೇ ಪಂಚ ಮೂರು ಮಹಜರಿಗೆ, ಸಾಲದ್ದಕ್ಕೆ ಬೇರೆ ಕೇಸುಗಳಿಗೂ ಸಹಿ ಹಾಕಿದ್ದರೆ ಅವನು ಠಾಣೆಯ ಖಾಯಂ ಗಿರಾಕಿ ಎಂದು ಕೋರ್ಟಿಗೆ ತಿಳಿಯಲು ಹೊತ್ತು ಬೇಕಿಲ್ಲ.

ಸಾಗರದಲ್ಲೋ ಶಿವಮೊಗ್ಗದಲ್ಲೋ ಸೆಷನ್ಸ್ ವಿಚಾರಣೆ ಶುರುವಾಗಿ, ‘ಪೊಲೀಸರು ಕರೆದರು, ಠಾಣೆಯಲ್ಲಿ ಸಹಿ ಹಾಕಿದೆ, ಅದರಲ್ಲಿ ಏನಿತ್ತೋ ಗೊತ್ತಿಲ್ಲ’ ಎಂದು ಪಂಚ ಹೇಳಿದರೆ ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಸರ್ಕಾರಿ ಅಭಿಯೋಜಕರೇ ಪಾಟೀಸವಾಲು ಮಾಡುತ್ತಾರೆ. ಅಲ್ಲಿಗೆ ಕೇಸು ಬಿತ್ತು ಎಂದುಕೊಳ್ಳುವುದು ತಪ್ಪು. ತನಿಖಾಧಿಕಾರಿ ಮಹಜರಿನಲ್ಲಿರುವುದನ್ನು ತನ್ನ ಸಾಕ್ಷ್ಯದಲ್ಲಿ ಕ್ರಮವಾಗಿ ಹೇಳಿ, ಅದು ನಂಬುವಂತಿದ್ದರೆ ಕೋರ್ಟು ಸ್ವೀಕರಿಸಬಹುದು. ತನಿಖೆಯಲ್ಲಿ ಲೋಪವಿದೆ ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಆಗುವುದೂ ಇಲ್ಲ. ‘ನಿ.ಪಿ.7ರಲ್ಲಿರುವುದು (ಪ್ರಾಸಿಕ್ಯೂಷನ್ ಕಡೆಯ 7ನೇ ನಿಶಾನೆ, ಅಂದರೆ ಗುರುತು ಹಾಕಿದ ದಾಖಲೆ) ನನ್ನ ಸಹಿ’ ಎಂದಷ್ಟೇ ಹೇಳಿ ಕೆಳಗಿಳಿಯುವ ಅಧಿಕಾರಿಗಳಿಂದಲೇ ಹೆಚ್ಚು ನಷ್ಟ. ಈಗ ಬಿಎನ್‌ಎಸ್‌ಎಸ್ 105ನೇ ಕಲಮಿನಂತೆ ಶೋಧ, ಜಪ್ತಿ, ಪಂಚರು ಸಹಿ ಹಾಕುವುದು ಎಲ್ಲವನ್ನೂ ವಿಡಿಯೊ ಮಾಡಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಠಾಣೆಯಲ್ಲಿ ಕೂರಿಸಿ ಸಹಿ ಹಾಕಿಸುವ ಅಭ್ಯಾಸಕ್ಕೆ ಇದು ಪೆಟ್ಟು ಕೊಡಬೇಕು. ವಿಡಿಯೊ ಇಲ್ಲದಿದ್ದರೆ ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಉತ್ತರ ಬರುತ್ತದೆ. ಫೋನಿನಲ್ಲಿ ವಿಡಿಯೊ ತೆಗೆಯಲು ನೆಟ್‌ವರ್ಕ್ ಬೇಡ.

ಆರೋಪಪಟ್ಟಿಯ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ, ವಕೀಲರಿದ್ದರೆ ಸಂತ್ರಸ್ತರ ಕಡೆಯವರಿಗೂ. ಉಳಿದವರು ತೀರ್ಪು ಬಂದ ಮೇಲೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಅದನ್ನು ತೆರೆದು ಕೊನೆಯ ಪುಟಗಳಿಂದ ಓದಲು ಶುರು ಮಾಡಬಹುದು. ಅಲ್ಲಿ ಸಾಕ್ಷಿಗಳ, ನಿಶಾನೆಗಳ, ಮುದ್ದೆಮಾಲುಗಳ (ಜಪ್ತಿಯಾಗಿ ಕೋರ್ಟಿಗೆ ಬಂದ ವಸ್ತುಗಳ) ಪಟ್ಟಿ ಇರುತ್ತದೆ. ಪ್ರತಿ ಮಹಜರಿನ ತಾರೀಖು ಗುರುತು ಹಾಕಿಕೊಂಡು ತೀರ್ಪಿನ ಒಳಗೆ ಅದರ ಗಂಟೆ ಹುಡುಕಿ. ಎಫ್‌ಐಆರ್ ದಾಖಲಾದದ್ದು ಮಧ್ಯಾಹ್ನ 2ಕ್ಕೆ, ಸ್ಥಳ ಮಹಜರು ಮುಗಿದದ್ದು ಬೆಳಗ್ಗೆ 11ಕ್ಕೆ, ಆದರೂ ಎಫ್‌ಐಆರ್ ದಾಖಲಾದಾಗಷ್ಟೇ ಸಿಗುವ ಗುನ್ನೆ ಸಂಖ್ಯೆ ಮಹಜರಿನ ತಲೆಯಲ್ಲಿ ಬರೆದಿದೆ ಎಂದಾದರೆ ಆ ಕಾಗದ ಹುಟ್ಟಿದ್ದು ತೋಟದಲ್ಲಲ್ಲ, ಠಾಣೆಯಲ್ಲಿ.